ಸೋಲುತ್ತೇನೆಂದು ಕೊಟ್ಟ ಮಾತು

"ಕಾಯಿಲೆ ಮನುಷ್ಯರನ್ನ ಸೋಲಿಸಿ ನಿಮಗೇನ್ರೀ ಸಿಗುತ್ತೆ?"

ಬಾಗಿಲಲ್ಲೇ ನಿಂತು ಅವಳು ಕಿರುಚಿದಳು. ಹೊಲಿಗೆ ಅಂಗಡಿಯಿಂದ ದಣಿದು ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಅಪ್ಪನ ಒದ್ದೆ ಕೆನ್ನೆ. ಎದುರಿಗೆ ಯಾರೋ ಅಪರಿಚಿತ. ನಡುವೆ ಮೇಜಿನ ಮೇಲೆ ಅವಳದೇ ಅಂಗಿ ಗುಂಡಿಗಳ ತಟ್ಟೆ, ಖಾಲಿ. "ಮತ್ತೆ ಸೋತೆ," ಎಂದು ಅಪ್ಪ ಗೊಣಗುತ್ತಿದ್ದರು.

ಆತ ಗಾಬರಿಯಿಂದ ಎದ್ದು ನಿಂತ. "ನಾನು ಆಸ್ಪತ್ರೆಯಿಂದ ಬಂದೋನು... ಬೆರಳಿಗೆ ಕಸರತ್ತು ಮಾಡಿಸ್ತಿದ್ದೆ."

"ಅಳಿಸೋದೂ ಕಸರತ್ತಾ?"

ಜನ್ಮವಿಡೀ ಗಡಿಯಾರ ರಿಪೇರಿ ಮಾಡಿ ಬದುಕಿದ ಅಪ್ಪ. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ನಡುಗುತ್ತಿತ್ತು, ಬಲಗಾಲಿಗಂತೂ ಜೀವವೇ ಇರಲಿಲ್ಲ. ಬರೀ ಗುಂಡಿ ಎತ್ತಿಡಲು ಬೇಸರವಾದೀತೆಂದು ಆತ ಅದನ್ನೇ ಆಟ ಮಾಡಿದ್ದ. ಸರದಿ ಬಂದಾಗ ಒಂದು, ಎರಡು ಅಥವಾ ಮೂರು ಗುಂಡಿ ತೆಗೆಯಬೇಕು. ಕೊನೆಯ ಗುಂಡಿ ಯಾರ ಕೈಗೋ ಅವರದೇ ಗೆಲುವು.

ಹೊರಡುವ ಮೊದಲು ಆತ ಅಪ್ಪನಿಗೂ ಅವಳಿಗೂ ಗುಟ್ಟು ಹೇಳಿಕೊಟ್ಟ. "ಎದುರಿನವರಿಗೆ ಯಾವಾಗ್ಲೂ ನಾಲ್ಕು, ಎಂಟು, ಹನ್ನೆರಡು... ಹೀಗೆ ಉಳಿಸಿ. ಅವರು ಒಂದು ತೆಗೆದ್ರೆ ನೀವು ಮೂರು ತೆಗೀರಿ. ಎರಡು ತೆಗೆದ್ರೆ ಎರಡು. ಮೂರು ತೆಗೆದ್ರೆ ಒಂದು. ಆಮೇಲೆ ಯಾರಪ್ಪ ಬಂದ್ರೂ ನಿಮ್ಮನ್ನ ಸೋಲಿಸೋಕಾಗಲ್ಲ!"

ಗೇಟಿನ ಬಳಿ ಅವಳು ತಗ್ಗಿದ ದನಿಯಲ್ಲಿ ಕೇಳಿದಳು. "ಬೈದಿದ್ದಕ್ಕೆ ಕ್ಷಮಿಸಿ. ಆದ್ರೆ ಅಪ್ಪ ಈಗಾಗ್ಲೇ ಎಲ್ಲಾ ಸೋತಿದ್ದಾರೆ. ಇಲ್ಲಾದ್ರೂ ಗೆಲ್ಲಲಿ. ನೀವು ಗೆಲ್ಲಲ್ಲ ಅಂತ ಮಾತು ಕೊಡ್ತೀರಾ?"

"ಕೊಟ್ಟೆ."

ಆ ಮಾತನ್ನು ಅವನು ಉಳಿಸಿಕೊಂಡ. ಅಪ್ಪ ದಿನಾ ಗೆಲ್ಲುತ್ತಿದ್ದರು. ಅವಳೋ, ಗೇಟು ಕಿರ್ರೆನ್ನುವುದನ್ನೇ ಕಾಯುತ್ತಾ ಅಂಗಿಗೆ ಕಾಲರನ್ನು ತಲೆಕೆಳಗಾಗಿ ಹೊಲಿಯುತ್ತಿದ್ದಳು!

"ಸೂಜಿ ಎಲ್ಲೋ, ಮನಸ್ಸು ಎಲ್ಲೋ," ಎಂದು ದೊಡ್ಡಮ್ಮ ಛೇಡಿಸುತ್ತಿದ್ದಳು. ತಾಯಿಯಿಲ್ಲದ ಆ ಮನೆಗೆ ಅವಳೇ ಹಿರಿಯಳು.

ಇವನೂ ನನ್ನ ಹಾಗೇ ಕಾಯ್ತಾನಾ? ಕೇಳುವ ಧೈರ್ಯ ಅವಳಿಗಿರಲಿಲ್ಲ...

ಒಂದು ಸಂಜೆ ಅವಳು ಬಾಗಿಲಲ್ಲಿ ನಿಂತು ಆಟ ನೋಡುತ್ತಿದ್ದಳು. ತಟ್ಟೆಯಲ್ಲಿ ಐದು ಗುಂಡಿ, ಅಪ್ಪನ ಸರದಿ. ಒಂದು ತೆಗೆದು ನಾಲ್ಕು ಬಿಟ್ಟರೆ ಗೆಲುವು ಅಪ್ಪನದೇ. ಆದರೆ ನಡುಗುವ ಬೆರಳಿಗೆ ಎರಡು ಬಂದುಬಿಟ್ಟವು! ಉಳಿದದ್ದು ಮೂರು.

ಅವನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಮೂರನ್ನೂ ಬಾಚಿಕೊಂಡ.

ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ.

"ಕೈ ತಪ್ಪಿದ್ದನ್ನೇ ನೋಡಿ ಗೆದ್ರಲ್ಲ!" ಅಂಗಳಕ್ಕೆ ಬಂದವನ ಮುಖಕ್ಕೆ ಹೊಡೆದಂತೆ ಅಂದಳು. "ನಮ್ಮಪ್ಪ ಸೋತೇ ಹೋದ್ರು. ಇನ್ನು ಈ ಹೊಸ್ತಿಲು ತುಳೀಬೇಡಿ."

ಅವನು ತಿರುಗಿ ಹೋದ.

ಅಲ್ಲಿಂದ ಮನೆಗೆ ಮಂಕು ಕವಿಯಿತು. ಅಪ್ಪನ ಕುರ್ಚಿಯ ಕಡೆ ಬೆನ್ನು ಹಾಕಿ ಅವಳು ಊಟ ಮಾಡುತ್ತಿದ್ದಳು. ಗೇಟು ಸದ್ದಾದರೆ ಈಗಲೂ ತಲೆ ಎತ್ತಿ ನೋಡುತ್ತಿದ್ದಳು, ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಒಂದು ದಿನ ದೊಡ್ಡಮ್ಮನೇ ಗುಂಡಿ ತಟ್ಟೆ ತಂದಿಟ್ಟಳು. "ಹೀಗೇ ಮುಖ ಗಂಟು ಹಾಕ್ಕೊಂಡಿದ್ರೆ ನಾನೂ ಸತ್ತೋಗ್ತೀನಿ ಕಣೇ. ಬಾ, ಒಂದಾಟ."

ದೊಡ್ಡಮ್ಮನ ವಯಸ್ಸಾದ ಕೈಯೂ ನಡುಗುತ್ತಿತ್ತು. ಎರಡು ತೆಗೆಯಲು ಹೋದಳು, ಒಂದು ಜಾರಿ ಬಿತ್ತು. ಮತ್ತೆ ಹೋದಳು, ಮತ್ತೆ ಬಿತ್ತು.

"ಥೂ, ಒಂದೇ ಸಾಕು ಬಿಡು! ನಡುಗೋ ಕೈಗೆ ಇದ್ದದ್ದೂ ಬಿದ್ದೋಗುತ್ತೆ, ಎರಡೆಲ್ಲಿ ಬರುತ್ತೆ?"

ತನ್ನ ಸರದಿಗೆಂದು ಚಾಚಿದ ಅವಳ ಕೈ ಅಲ್ಲೇ ನಿಂತಿತು.

ಹೌದಲ್ಲ... ಒಂದು ತೆಗೆಯಲು ಹೋದ ಬೆರಳಿಗೆ ತಾನಾಗಿ ಎರಡು ಬರುವುದುಂಟೇ? ಎರಡು ಹಿಡಿಯಲು ಅಪ್ಪ ಎಷ್ಟು ಹೆಣಗಿರಬೇಕು! ಗುಟ್ಟು ಗೊತ್ತಿದ್ದ ಅಪ್ಪ ಅದನ್ನು ಬೇಕೆಂದೇ ಮಾಡಿದ್ದರು!

ಮರುದಿನ ಅವಳು ಆಸ್ಪತ್ರೆಯ ಕಸರತ್ತಿನ ಕೋಣೆಯ ಮುಂದೆ ನಿಂತಿದ್ದಳು. ಅವನು ಸೊರಗಿ ಹೋಗಿದ್ದ.

"ಅಪ್ಪ ಯಾಕೆ ಬೇಕಂತಾನೇ ಸೋತ್ರು?"

ಅವನು ನೆಲ ನೋಡಿದ. "ನಿಮ್ಮನ್ನ ಮದುವೆ ಆಗ್ತೀನಿ ಅಂತ ಅವರ ಹತ್ರ ಕೇಳಿದ್ದೆ. 'ಮೊದ್ಲು ನನ್ನನ್ನ ಸೋಲ್ಸು, ಆಮೇಲೆ ಅವಳನ್ನ ಕೇಳು' ಅಂದ್ರು. ಆದ್ರೆ ಗೆಲ್ಲಲ್ಲ ಅಂತ ನಿಮಗೆ ಮಾತು ಕೊಟ್ಟಿದ್ನಲ್ಲ... ಹಂಗಾಗಿ ದಿನಾ ಸೋಲ್ತಿದ್ದೆ. ಕಾದು ಕಾದು ಅವರಿಗೇ ಸಾಕಾಯ್ತು."

"ಮತ್ತೆ ಆವತ್ತು?"

"ಆವತ್ತೂ ಒಂದೇ ತೆಗೆದು ಸೋಲೋಣ ಅಂತಿದ್ದೆ. ಮೇಜಿನ ಕೆಳಗೆ ನನ್ನ ಕಾಲು ತುಳಿದ್ರು. ಸ್ವಾಧೀನ ಇಲ್ಲದ ಆ ಬಲಗಾಲಲ್ಲಿ! ಮೂರೂ ತಗೋ ಅಂತ ಕಣ್ಣಲ್ಲೇ ಗದರಿಸಿದ್ರು."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. ಕೊನೆಗೆ ಅಳುವೇ ಗೆದ್ದಿತು. ಅಪ್ಪ ಸೋತು ಹೋಗಿರಲಿಲ್ಲ... ಅವಳನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂದು ಸತ್ತ ಕಾಲನ್ನೇ ಎಬ್ಬಿಸಿದ್ದರು. ಅಂಥ ಅಪ್ಪನ ಸಂತೋಷವನ್ನು ತಾನು ಅಂಗಳದಿಂದಾಚೆ ಅಟ್ಟಿಬಿಟ್ಟೆನಲ್ಲ!

"ನನಗೆ ಯಾಕೆ ಹೇಳ್ಲಿಲ್ಲ? ಅಷ್ಟು ಬೈದೆನಲ್ಲ..."

"ಹೋದೋರ ಮಾತು ಮುಂದಿಟ್ಕೊಂಡು ಕೇಳಿದ್ರೆ, ಅವರಿಗೋಸ್ಕರ ನೀವು ಹೂಂ ಅಂದ್ಬಿಡ್ತಿದ್ರಿ. ಅಂಥ ಹೂಂ ನನಗೆ ಬೇಕಿರಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ತುಂಬಿದವು. ಇನ್ನೇನು ಒರೆಸುವುದೆಂದು ಬಿಟ್ಟಳು.

"ಹಾಗಾದ್ರೆ ಈಗ ಕೇಳಿ."

"ಈಗ... ನಿಮಗೆ ಎಲ್ಲಾ ಗೊತ್ತಾಯ್ತಲ್ಲ."

"ಊಹೂಂ. ಬಾಯಿಬಿಟ್ಟು ಕೇಳಿ. ಅಪ್ಪನಿಗೋಸ್ಕರ ಅಲ್ಲ, ನನಗೆ ಕೇಳಿಸ್ಕೋಬೇಕು."

ಅವನು ತಲೆ ಎತ್ತಿ ಅವಳನ್ನೇ ನೋಡಿದ.

"ನನ್ನ ಜೊತೆ ಇರ್ತೀರಾ?"

"ಇರ್ತೀನಿ."