ದ್ರಾಕ್ಷಿ ಬುಟ್ಟಿಯ ಕಡಲಹಕ್ಕಿ

"ಮಾಸ್ತರ, ಇದು ಕಾಗಿನೂ ಅಲ್ಲ, ಹದ್ದೂ ಅಲ್ಲ. ಏನ್ರಿ ಇದು?"

ಎಪ್ಪತ್ನಾಲ್ಕರ ಮುಂಗಾರು ಗಾಳಿಗೆ ತಿಕೋಟಾದ ತಮ್ಮ ದ್ರಾಕ್ಷಿ ತೋಟದಲ್ಲಿ ಬಿದ್ದಿದ್ದ ಕಂದು ಹಕ್ಕಿಯನ್ನು ಓಢಣಿಯಲ್ಲಿ ಹಿಡಿದು ಮುನೀರಾ ಕೇಳಿದಳು. ವಿಜಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಯಾಕೂಬ ಸುದ್ದಿ ಕೇಳಿ ಬಂದಿದ್ದ. ಹಕ್ಕಿಯನ್ನು ನೋಡಬೇಕಾದವನು ಅವಳ ಕಣ್ಣು ನೋಡಿ ಕೆಟ್ಟ.

"ಪೆಟ್ರೆಲ್ ಅಂತಾರ, ಕಡಲಹಕ್ಕಿ. ಅರಬ್ಬೀ ಸಮುದ್ರದ್ದು, ಭಾಳ ಅಪರೂಪ. ಇದು ಎಲ್ಲಿ ಗೂಡು ಕಟ್ಟತೈತಿ ಅನ್ನೂದು ಇನ್ನೂ ಯಾರಿಗೂ ಗೊತ್ತಿಲ್ಲ."

"ನಿಮಗೂ?"

"ನನಗೂ."

"ಮತ್ತ ಕಾಲೇಜಿನ್ಯಾಗ ಏನ್ ಕಲಸ್ತೀರಿ?" ಎಂದು ನಕ್ಕಳು.

ಅಂದಿನಿಂದ ಸಂಜೆಯಾದರೆ ಅವನು ತಿಕೋಟಾ ಬಸ್ಸಿನಲ್ಲಿ. ಕೈಯಲ್ಲಿ ಒಣಮೀನಿನ ಪೊಟ್ಟಣ. ಪಕ್ಕದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುನೀರಾ ಮೀನನ್ನು ಉಪ್ಪುನೀರಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಹಕ್ಕಿಯ ಮೂಗಿನಿಂದ ಹನಿ ಇಳಿದರೆ, "ಅಳಾಕತ್ತೈತಿ ನೋಡ್ರಿ" ಎನ್ನುವಳು.

"ಇಲ್ಲ, ಹೆಚ್ಚಾದ ಉಪ್ಪನ್ನ ಹಂಗ ಹೊರಗ ಹಾಕತೈತಿ" ಎಂದು ಅವನು ಬಗ್ಗಿದಾಗ ಹಣೆಗೆ ಹಣೆ ತಾಕುವಷ್ಟು ಹತ್ತಿರ. ಇಬ್ಬರೂ ಸರಿಯುತ್ತಿರಲಿಲ್ಲ.

ಒಂದು ಮಾತನ್ನು ಮಾತ್ರ ಯಾಕೂಬ ನುಂಗಿಕೊಂಡಿದ್ದ. ಹಕ್ಕಿಗೆ ಗಾಯವೇನೂ ಇರಲಿಲ್ಲ. ಕಾಲಿನಲ್ಲಿ ಬಲವಿಲ್ಲದ ಈ ಜಾತಿ ಸಮನೆಲದಿಂದ ಏಳಲಾರದು. ಎತ್ತರದಿಂದ ಗಾಳಿಗೆ ಬಿಟ್ಟರೆ ಹಾರೀತು. ಹಾರಿದರೆ ಅವನಿಗೆ ಆ ಮನೆಗೆ ಬರಲು ನೆಪವೇ ಇಲ್ಲ. ನಾಳೆ ಹೇಳಿದರಾಯಿತು ಎಂದು ದಿನ ದೂಡಿದ. ಹಕ್ಕಿ ತಿನ್ನುವುದನ್ನೇ ಬಿಟ್ಟಾಗ ಹೆದರಿ, ಎತ್ತರದಿಂದ ಬಿಡಬೇಕು ಎಂದಷ್ಟೇ ಹೇಳಿದ.

ಮರುದಿನವೇ ಮುನೀರಾ ದ್ರಾಕ್ಷಿ ಬುಟ್ಟಿಯಲ್ಲಿ ಹಕ್ಕಿಯನ್ನಿಟ್ಟುಕೊಂಡು ತಾಯಿಯ ಸೋದರಿ ಖಾಲಾ ಆಶಾಬಿಯ ಜೊತೆ ವಿಜಾಪುರಕ್ಕೆ ಬಂದಳು. ಮೊಣಕಾಲು ನೋವೆಂದು ಖಾಲಾ ಊರಿನ ಎತ್ತರದ ಉಪ್ಪಲಿ ಬುರುಜಿನ ಕೆಳಗೇ ಕುಳಿತಳು. ಅಲ್ಲಿ ಕಾದಿದ್ದ ಯಾಕೂಬ ಮತ್ತು ಮುನೀರಾ ಮೇಲೆ ಹತ್ತಿದರು. ಮೇಲೆ ಗಾಳಿ ಜೋರಾಗಿತ್ತು.

ಯಾಕೂಬ ಕೈಯೆತ್ತಿ ಬಿಟ್ಟ. ಉದ್ದನೆಯ ರೆಕ್ಕೆ ಬಿಚ್ಚಿಕೊಂಡವು.

"ಹೋತು! ಹೋತು!" ಮುನೀರಾ ಅವನ ತೋಳು ಹಿಡಿದಳು.

ಅಷ್ಟರಲ್ಲಿ ರೆಕ್ಕೆ ಸೋತವು. ಹಕ್ಕಿ ಬುರುಜಿನ ಆಚೆ ಬದಿಯ ಕಲ್ಲುಗಳ ಮೇಲೆ ಬಿತ್ತು. ಮತ್ತೆ ಅಲುಗಲಿಲ್ಲ.

ಅವಳು ಕೈ ತೆಗೆದಳು. "ಎತ್ತರದಿಂದ ಬಿಡಬೇಕು ಅಂತ ಮೊದಲ ದಿನಾನ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಅದು ಹಾರಿಹೋದ್ರ ನಿನ್ನ ನೋಡಾಕ ಹೆಂಗ ಬರ್ಲಿ? ನಿನ್ನ ಬಿಟ್ಟು ಇರಾಕ ಆಗೂದಿಲ್ಲ, ಮುನೀರಾ."

ಎಷ್ಟು ದಿನದಿಂದ ಕಾದಿದ್ದ ಮಾತು! ಅವಳ ಕಣ್ಣು ತುಂಬಿತು.

"ಇದನ್ನ ಅಬ್ಬಾನ ಮುಂದ ಹೇಳಬೇಕಿತ್ರಿ. ಇವತ್ತ ಕೇಳ್ತೀರಿ, ನಾಳೆ ಕೇಳ್ತೀರಿ ಅಂತ ದಾರಿ ನೋಡಿದೆ. ಮೊನ್ನೆ ಸೊಲ್ಲಾಪುರದವರಿಗೆ ಮಾತು ಕೊಟ್ಟಾರ. ಖಾಲಾ ಮದುವಿ ಜವಳಿ ತಗೊಳ್ಳಾಕ ಬಂದಾಳ."

"ಈಗ ಬರ್ತೇನಿ. ಕಾಲು ಹಿಡಿದು ಕೇಳ್ತೇನಿ."

"ಅಬ್ಬಾ ಕೊಟ್ಟ ಮಾತು ಹಿಂದ ತಗೊಳ್ಳೂದಿಲ್ರಿ."

ಕೆಳಗಿನಿಂದ ಖಾಲಾ ಕೂಗಿದಳು, "ಹಾರಿತೇನ ಬೇ?"

ಮುನೀರಾ ಓಢಣಿಯಿಂದ ಮುಖ ಒರೆಸಿಕೊಂಡು ಖಾಲಿ ಬುಟ್ಟಿ ಎತ್ತಿಕೊಂಡಳು.

"ಹಾರಿಹೋತು, ಖಾಲಾ" ಎಂದು ಕೂಗಿ, ಹಿಂದಿರುಗಿ ನೋಡದೆ ಮೆಟ್ಟಿಲಿಳಿದಳು.