ಕೋಡಿ ಕಾವಲು

"ಆ ಡ್ರಮ್ಮು ನೀರಿಗೆ ಮುಟ್ಟಿದ್ರೆ ನೋಡಿ... ಅದ್ರ ಹಿಂದೆ ನಿಮ್ಮನ್ನೂ ತಳ್ತೀನಿ!"

ಹೊಗೆಸೊಪ್ಪಿಗೆ ಔಷಧಿ ಹೊಡೆದ ಡ್ರಮ್ಮನ್ನು ತೊಳೆಯಲು ಹಳ್ಳಕ್ಕೆ ಬಗ್ಗಿದ್ದ ನಂಜುಂಡೇಶ್ ಬೆಚ್ಚಿ ತಿರುಗಿದ. ದಡದ ಮೇಲೆ ವೇಲನ್ನು ಸೊಂಟಕ್ಕೆ ಬಿಗಿದು, ಕೈಯಲ್ಲಿ ಗುದ್ದಲಿ ಹಿಡಿದು ನಿಂತಿದ್ದಳು ಮಂಗಳಗೌರಿ. ಮುಖವೆಲ್ಲ ಕೆಸರು. ಕಣ್ಣು ಮಾತ್ರ ಕೆಂಡ!

"ಎಲ್ರೂ ಇಲ್ಲೇ ತೊಳೀತಾರೆ ಕಣ್ರೀ..."

"ಎಲ್ರೂ ತೊಳೆದ ವಿಷ ಕೆರೆಗೋಗುತ್ತೆ. ಕೆರೆ ತುಂಬಿ ಹರಿದ್ರೆ ಲಕ್ಷ್ಮಣತೀರ್ಥ ಹೊಳೆಗೋಗುತ್ತೆ. ಕೆಳಗಿನ ಊರೋರು ಅದನ್ನೇ ಕುಡೀಬೇಕಾ?"

"ಮತ್ತೆ ಎಲ್ಲಿ ತೊಳೀಲಿ? ನಿಮ್ಮನೆ ಹಿತ್ತಲಲ್ಲಾ?"

"ನಿಮ್ಮೊಲದಲ್ಲೇ ತೊಳೆದು ನಿಮ್ಮೊಲಕ್ಕೇ ಚೆಲ್ಕೊಳ್ಳಿ. ಆಮೇಲೆ ಸೋಮವಾರ ಗುದ್ದಲಿ ತಗೊಂಡು ಕೆರೆಗೆ ಬನ್ನಿ!"

ಬಂದ. ಅಷ್ಟು ಬೈಸಿಕೊಂಡ ಮೇಲೆ ಯಾವ ಗಂಡಸು ತಾನೇ ಬಾರದೆ ಇದ್ದಾನು!

ಕಟ್ಟೆಮಳಲವಾಡಿ ದಾಟಿ ಒಳಗೆ ಹೋದರೆ ಸಿಗುವ ಆ ಚಿಕ್ಕ ಊರಿನಲ್ಲಿ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ. ಎತ್ತಿಗೆ ಬಿಡುವಿದ್ದರೆ ಮನುಷ್ಯರಿಗೂ ಬಿಡುವು. ಆ ಬಿಡುವನ್ನೇ ಹಿಡಿದುಕೊಂಡು ಹಿರಿಯ ಮಂಟಯ್ಯನವರು ಕೆರೆ ಬಳಗ ಕಟ್ಟಿದ್ದರು. ಹಳ್ಳದ ಪ್ಲಾಸ್ಟಿಕ್ ಹೆಕ್ಕುವುದು, ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು... ಕೂಲಿ ಇಲ್ಲ, ಮಧ್ಯಾಹ್ನ ಮಜ್ಜಿಗೆ ಮಾತ್ರ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೆರೆಯ ಹೂಳು ಕಡಿಮೆಯಾಯಿತು. ಗೌರಿಯ ಬೈಗುಳವೂ ಕಡಿಮೆಯಾಯಿತು. ನಂಜುಂಡೇಶ್ ಬಾರದ ಸೋಮವಾರ ಮಜ್ಜಿಗೆ ಕೂಡ ಹುಳಿ ಎನಿಸತೊಡಗಿತು ಅವಳಿಗೆ. ಅಪ್ಪ ಗುರುಸ್ವಾಮಿ ಎಲ್ಲವನ್ನೂ ನೋಡಿಯೂ ನೋಡದವನಂತೆ ಮೀಸೆಯಲ್ಲೇ ನಗುತ್ತಿದ್ದ. ನಂಜುಂಡೇಶ್ ಅವನನ್ನು ಮಾವ ಎಂದು ಕರೆಯಲು ಶುರು ಮಾಡಿದಾಗಲೂ ಬೇಡ ಎನ್ನಲಿಲ್ಲ.

ಆ ವರ್ಷ ಬಳಗ ಕೆರೆಗೆ ಮೀನುಮರಿ ಬಿಟ್ಟಿತು. ಗೌರಿಯದು ಮೀನು ಮುಟ್ಟದ ಮನೆ. ಆದರೂ ಆ ಮರಿಗಳ ಚಿಂತೆಯೆಲ್ಲ ಅವಳದೇ.

"ಅಪ್ಪಾಜಿ, ಕೆರೆ ಕೋಡಿ ಬಿದ್ರೆ ಮರಿಯೆಲ್ಲ ಕೊಚ್ಕೊಂಡೋಯ್ತವೆ. ಏನಾರ ಮಾಡಿ!"

"ಆಯ್ತು ಕಣ್ ಮಗಾ, ನೋಡ್ಕತೀನಿ ಬುಡು" ಎಂದಿದ್ದ ಗುರುಸ್ವಾಮಿ.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಕೆರೆ ತುಂಬಿ, ಹೆಚ್ಚಾದ ನೀರು ಕೋಡಿಯ ಕಲ್ಲುಗಳ ಮೇಲೆ ಹರಿಯತೊಡಗಿತು. ಬಳಗದವರು ಸರದಿಯಂತೆ ಕೋಡಿ ಕಾಯುತ್ತಿದ್ದರು. ಅವತ್ತಿನ ಸರದಿ ನಂಜುಂಡೇಶನದು.

ಸಂಜೆ ಏರಿ ಒಡೆಯಿತು.

ಗುರುಸ್ವಾಮಿಯ ಹೆಣ ಕೆರೆಯ ಕೆಳಗೆ, ಮರಮ್ಮ ಎಂಬಾಕೆಯ ಗದ್ದೆಯಲ್ಲಿ ಮರಳಿನಡಿ ಸಿಕ್ಕಿತು.

ಏರಿ ಉಳಿಸಲು ಹೋಗಿ ಜೀವ ಕೊಟ್ಟ ಎಂದು ಊರೆಲ್ಲ ಅತ್ತಿತು. ಸಮಾಧಿಯ ಮೇಲೆ ಕೊನೆಯ ಹಿಡಿ ಮಣ್ಣು ಬಿದ್ದಾಗ ಗೌರಿ ಎದ್ದು, ದೂರದಲ್ಲಿ ನಿಂತಿದ್ದ ನಂಜುಂಡೇಶನ ಎದುರು ಬಂದಳು.

"ಕೋಡಿ ಕಾಯೋ ಸರದಿ ಯಾರ್ದು?"

"...ನಂದೇ."

"ಎಲ್ಲಿದ್ರಿ?"

"ಬ್ಯಾರನ್ನಿಗೆ ಸೌದೆ ಹಾಕಕ್ಕೆ ಹೋಗಿದ್ದೆ."

ಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿ ಆರಿದರೆ ಒಳಗೆ ನೇತುಹಾಕಿದ ಎಲೆಯೆಲ್ಲ ಹಾಳು. ಅದು ಊರಿಗೇ ಗೊತ್ತು. ಆದರೆ ಗೌರಿಗೆ ಆ ಕ್ಷಣ ಬೇರೆ ಬೆಂಕಿ ಹತ್ತಿತ್ತು.

"ಸೊಪ್ಪು ಚೆನ್ನಾಗಿ ಬೆಂತಾ? ನಮ್ಮಪ್ಪನ್ನ ತಿಂದ್ಕೊಂಡು ಬೆಂತಾ? ನಿಮ್ಮ ಮುಖ ಇನ್ನೊಂದ್ಸಲ ನಂಗೆ ತೋರಿಸ್ಬೇಡಿ!"

ಅವನು ಒಂದೇ ಒಂದು ಮಾತು ಆಡಲಿಲ್ಲ. ಬಳಗ ಅವನನ್ನು ಹೊರಗೆ ಹಾಕಿತು. ಆಗಲೂ ಆಡಲಿಲ್ಲ.

ಗೌರಿ ಅವನನ್ನು ದ್ವೇಷಿಸಲು ಬಹಳ ಕಷ್ಟಪಟ್ಟಳು. ಹಗಲೆಲ್ಲ ಸಾಧ್ಯವಾಗುತ್ತಿತ್ತು... ತಲೆ ದಿಂಬಿಗೆ ಇಟ್ಟರೆ ಸಾಧ್ಯವಾಗುತ್ತಿರಲಿಲ್ಲ.

ಶಿವರಾತ್ರಿ ಕಳೆದು ಹೊಗೆಸೊಪ್ಪಿನ ಸಸಿ ಬಿಡುವ ಕಾಲ ಬಂತು. ಗಂಡಸಿಲ್ಲದ ಮನೆ ಎಂದು ಹೊಲ ಬೀಳು ಬಿಡಲಾದೀತೇ? ಗೌರಿಯೇ ಸಸಿಮಡಿ ಮಾಡಿದಳು. ಬಿಳಿನೊಣ ಕೂರದಂತೆ ಸಸಿಗೆ ಹೊದಿಸುವ ನೈಲಾನ್ ಬಲೆ ಮಾತ್ರ ಎಲ್ಲೂ ಕಾಣಲಿಲ್ಲ.

"ಅವ್ವಾ, ಮಡಿ ಬಲೆ ಎಲ್ಲಿಟ್ಟೆ?"

ತಾಯಿ ಪುಷ್ಪಾ ಒಲೆಯ ಮುಂದಿನಿಂದಲೇ ಹೇಳಿದಳು. "ಎಲ್ಲೈತೆ ಮಗಾ? ಕೆರೆ ಒಡೆದ ದಿನ ಮಧ್ಯಾಹ್ನ ನಿಮ್ಮಪ್ಪಾಜಿ ತಗಂಡೋದ್ರಲ್ಲ. ಮೀನುಮರಿ ಓಯ್ತವೆ ಅಂತ ಮಗ ಅಳ್ತಾಳೆ, ಕೋಡಿಗೆ ಕಟ್ತೀನಿ ಅಂದ್ರು."

ಗೌರಿಗೆ ಕೋಡಿ ಕಣ್ಣ ಮುಂದೆ ಬಂತು.

ಸೊಳ್ಳೆ ಕೂಡ ನುಸುಳದ ಬಲೆ! ಹಳ್ಳದಿಂದ ತೇಲಿ ಬಂದ ಕಸ ಕಡ್ಡಿ, ಜೊಂಡು, ಎಲ್ಲ ಅದಕ್ಕೆ ಮೆತ್ತಿಕೊಂಡಿರುತ್ತದೆ. ಕೋಡಿ ಮುಚ್ಚಿಹೋಗಿರುತ್ತದೆ. ನೀರಿಗೆ ದಾರಿಯಿಲ್ಲದೆ... ಮೀನು ಹಿಡಿಯುವವರ ಮನೆಯಾಗಿದ್ದರೆ ಸಣ್ಣ ಕೂಸೂ ಬೇಡ ಎನ್ನುತ್ತಿತ್ತು. ಮೀನನ್ನೇ ಮುಟ್ಟದ ಅಪ್ಪನಿಗೆ ಏನು ಗೊತ್ತಿತ್ತು? ಅವನಿಗೆ ಗೊತ್ತಿದ್ದುದು ಮಗಳ ಆಸೆ ಒಂದೇ.

'ನಾನು ಹೇಳಿದ್ದಕ್ಕೆ... ನಾನು ಹೇಳಿದ್ದಕ್ಕೇ ಅಲ್ವಾ ಅಪ್ಪಾಜಿ?'

ಅವಳು ಓಡಿದಳು.

ಅವತ್ತು ಸೋಮವಾರ. ಒಡೆದ ಏರಿಯ ಬಳಿ ಬಳಗದವರು ಮಣ್ಣು ಹೊರುತ್ತಿದ್ದರು. ಅವರಿಂದ ದೂರ, ಕೆಳಗೆ ಮರಮ್ಮನ ಗದ್ದೆಯಲ್ಲಿ, ನಂಜುಂಡೇಶ್ ಒಬ್ಬನೇ ಮರಳು ಎತ್ತುತ್ತಿದ್ದ. ಬಳಗ ಬಿಟ್ಟರೂ ಅವನು ಸೋಮವಾರ ಬಿಟ್ಟಿರಲಿಲ್ಲ. ಅವನ ಬೆನ್ನು ಬಾಗಿಹೋಗಿತ್ತು, ಕೆನ್ನೆ ಒಳಗೆ ಹೋಗಿತ್ತು.

"ಕೋಡೀಲಿ ಬಲೆ ಇತ್ತಾ?"

ಅವನು ಗುದ್ದಲಿ ನಿಲ್ಲಿಸಿದ. ತಲೆ ಎತ್ತಲಿಲ್ಲ. "ಯಾವ ಬಲೆ?"

"ಸುಳ್ಳು ಹೇಳ್ಬೇಡಿ! ನಮ್ಮಪ್ಪನ ಆಣೆಗೂ ಹೇಳಿ!"

ಅವನು ಗುದ್ದಲಿಯನ್ನು ಮರಳಿಗೆ ಊರಿದ.

"ಮಧ್ಯಾಹ್ನ ಮಾವನೇ ಬಂದು ಕೋಡಿಗೆ ಬಲೆ ಕಟ್ಟಿದ್ರು. ನಾ ನೋಡ್ಕತೀನಿ, ನೀ ಹೋಗಿ ಸೌದೆ ಹಾಕ್ಬಾ ಅಂದ್ರು. ಬಲೆಗೆ ಕಸ ಮೆತ್ಕಳಲ್ವಾ ಅಂದೆ. ಕಸ ಕಟ್ಕೊಂಡ್ರೆ ತೆಗೀತೀನಿ ಕಣೋ ಅಂದ್ರು... ಬುಟ್ಟು ಹೋದೆ. ಬರೋ ಹೊತ್ತಿಗೆ ಎದೆಮಟ್ಟ ನೀರಲ್ಲಿ ನಿಂತ್ಕೊಂಡು ಬಲೆ ಕೀಳ್ತಾ ಇದ್ರು. ಏರಿ ಒಡೀತಿದ್ದಂಗೆ ಹಾರ್ದೆ. ಕೈ ಸಿಕ್ತು ಗೌರಿ... ಸಿಕ್ಕಿತ್ತು ಕೈ..."

ಅವನು ತನ್ನ ಅಂಗೈ ನೋಡಿಕೊಂಡ.

"ಅಂಗಿದ್ರೆ ಯಾಕ್ರೀ ಹೇಳ್ಲಿಲ್ಲ? ಅಷ್ಟು ಜನರ ಮುಂದೆ ಅಂಗಂದ್ನಲ್ಲ ನಾನು!"

"ಬಲೆ ಯಾಕೆ ಕಟ್ಟಿದ್ರು ಅಂತ ಮಾವ ನಗ್ತಾ ನಗ್ತಾ ಹೇಳಿದ್ರು. ನಮ್ ಗೌರಿ ಹುಕುಂ ಕಣಪ್ಪ ಅಂತ. ಅದನ್ನ ನಿಮ್ಮೆದುರಿಗೆ ಹೆಂಗೆ ಹೇಳ್ಲಿ? ಅಪ್ಪನ್ನ ಕಳ್ಕೊಂಡೋರು ಇದನ್ನೂ ಹೊರ್ಬೇಕಾ? ಬಲೆ ಕುಯ್ದು ಹೂತಾಕ್ದೆ. ಬುಟ್ಟು ಹೋಗಿದ್ದು ನಿಜ ತಾನೇ... ಬೈಗುಳ ನಂಗೇ ಇರ್ಲಿ ಅಂದ್ಕೊಂಡೆ."

ಗೌರಿ ಅಲ್ಲೇ ಮರಳಿನಲ್ಲಿ ಕುಸಿದು ಕುಳಿತಳು. ಸಮಾಧಿಯ ಮುಂದೆ ಬಾರದಿದ್ದ ಅಳು ಈಗ ಬಂತು. ಅವನು ಬಂದು ಪಕ್ಕದಲ್ಲಿ ಕುಳಿತ, ಅಷ್ಟೇ.

ಅಳು ನಿಂತ ಮೇಲೆ ಅವಳು ಅವನ ಕೈ ಹಿಡಿದು ಎಬ್ಬಿಸಿದಳು.

"ಎಲ್ಲಿಗೆ?"

"ಏರಿ ಮೇಲಕ್ಕೆ."

"ಬೇಡ ಗೌರಿ. ಊರೋರು ಮಾವನ್ನ ದೇವ್ರಂಗೆ ನೆನೀತಾವ್ರೆ. ಅದ್ನ ಯಾಕೆ ಕೆಡಿಸ್ತೀರಿ? ಬೇಡಿ ಕಣ್ರೀ!"

ಅವಳು ಕೇಳಲಿಲ್ಲ. ಎಲ್ಲರ ಎದುರು ನಿಂತು ಹೇಳಿದಳು. ಬಲೆ, ಅಪ್ಪ, ತನ್ನ ಮಾತು... ಯಾವುದನ್ನೂ ಬಿಡಲಿಲ್ಲ.

ಮಂಟಯ್ಯನವರು ತಲೆಯ ಟವೆಲ್ ತೆಗೆದು ಮುಖ ಮುಚ್ಚಿಕೊಂಡರು. ಮಗಳ ಹಿಂದೆಯೇ ಗಾಬರಿಯಾಗಿ ಬಂದಿದ್ದ ಪುಷ್ಪಾ ಜನರ ಹಿಂದೆ ನಿಂತು ಎಲ್ಲವನ್ನೂ ಕೇಳಿದ್ದಳು.

"ನಿಮ್ಮಪ್ಪನ್ನ ಎರಡ್ನೇ ಸಲ ಸಾಯ್ಸ್ಬುಟ್ಟೆ ಕಣವ್ವ" ಎಂದಷ್ಟೇ ಹೇಳಿ ಊರ ಕಡೆ ನಡೆದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡದೆ ಕೆಲಸಕ್ಕೆ ಮರಳಿದರು. ನಂಜುಂಡೇಶ್ ಏನು ಮಾಡುವುದೆಂದು ತಿಳಿಯದೆ ಒಂದು ಮಂಕರಿಗೆ ಮಣ್ಣು ತುಂಬಿದ. ತುಂಬಿದ ಮಂಕರಿಯನ್ನು ತಲೆಗೆ ಏರಿಸಿಕೊಳ್ಳಲು ಎದುರಿಗೆ ಇನ್ನೊಬ್ಬರು ಬೇಕು. ನಾಚಿಕೆಗೋ, ಅಂಜಿಕೆಗೋ, ಯಾರೂ ಹತ್ತಿರ ಬರಲಿಲ್ಲ.

ಗೌರಿ ಬಂದು ಎದುರು ನಿಂತಳು.

"ಅವ್ವನ ಹಿಂದೆ ಹೋಗಿ ಗೌರಿ..."

"ಹೋಯ್ತೀನಿ. ಕಾಲಿಗೆ ಬೀಳ್ತೀನಿ. ಬಾಗ್ಲು ತೆಗೀದಿದ್ರೆ ಜಗಲೀಲೇ ಕೂತ್ಕತೀನಿ."

"ನಾನೂ ಬತ್ತೀನಿ."

"ನಿಮ್ಗೂ ಬೈತಾರೆ."

"ಬೈಲಿ. ನಾನೂ ಕೂತ್ಕತೀನಿ."

ಅವಳು ವೇಲನ್ನು ಸೊಂಟಕ್ಕೆ ಬಿಗಿದಳು. "ನೀವಂದ್ರೆ ನಂಗೆ ಜೀವ ಕಣ್ರೀ. ಅವತ್ತು ಅಷ್ಟು ಕೆಟ್ಟದಾಗಿ ಬೈದಾಗ್ಲೂ... ಅಷ್ಟು ಜೀವ ಇದ್ದಿದ್ದಕ್ಕೇ ಅಷ್ಟು ಉರೀತು."

"ಗೊತ್ತಿತ್ತು. ಅದಕ್ಕೇ ಸುಮ್ನಿದ್ದೆ."

"ಇನ್ಮೇಲೆ ಒಬ್ರೇ ಸುಮ್ನಿರ್ಬೇಡಿ."

"ಇರಲ್ಲ." ಅವನು ಮಂಕರಿಯ ಒಂದು ಬದಿ ಹಿಡಿದ. "ಹುಷಾರು... ತುಂಬಾ ಭಾರ ಐತೆ."

"ಗೊತ್ತು, ಎತ್ತಿ" ಎಂದಳು ಗೌರಿ, ಇನ್ನೊಂದು ಬದಿಗೆ ಕೈ ಕೊಡುತ್ತಾ.