ಹೊಸ್ತಿಲಾಚೆಯ ಕೆಮ್ಮು

ಕೊಪ್ಪಳ ಸೀಮೆಯಲ್ಲಿ ಮರ್ಯಾದಸ್ಥ ಗಂಡಸು ಎಂದರೆ, ಹೆಣ್ಣುಮಕ್ಕಳಿರುವ ಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡುವ ಮೊದಲು ಒಮ್ಮೆ ಕೆಮ್ಮುವವನು. ಒಳಗಿದ್ದವರು ಸೆರಗು ಸರಿಮಾಡಿಕೊಳ್ಳಲಿ ಎಂದು. ನೆಗಡಿಗೂ ಈ ಕೆಮ್ಮಿಗೂ ಸಂಬಂಧವಿಲ್ಲ; ಇದು ಗಂಟಲಿನಿಂದ ಮಾಡುವ ನಮಸ್ಕಾರ.

೧೯೮೮ರ ಬೇಸಿಗೆಯ ಒಂದು ಮಧ್ಯಾಹ್ನ ಭಾಗ್ಯನಗರದ ಹೊಳಿಯಮ್ಮನ ಮನೆಯೆದುರು ಸೈಕಲ್ ನಿಲ್ಲಿಸಿದ ಹುಚ್ಚೀರಪ್ಪನೂ ಮರ್ಯಾದಸ್ಥನೇ. ಊರೂರು ತಿರುಗಿ, ಹೆಂಗಸರು ಬಾಚಿ ತೆಗೆದಿಟ್ಟ ಉದುರುಗೂದಲು ಪಡೆದು, ಬದಲಿಗೆ ಸ್ಟೀಲ್ ಬಟ್ಟಲು, ಪಿನ್ನು, ರಿಬ್ಬನ್ನು ಕೊಡುವುದು ಅವನ ಕಸುಬು. ಆ ಗೋಜಲನ್ನು ಎಳೆ ಎಳೆಯಾಗಿ ಬಿಡಿಸಲು ಹೊಳಿಯಮ್ಮನ ಮಗಳು ಪಕೀರಮ್ಮನ ಕೈ ಚುರುಕು ಎಂದು ಕೇಳಿ, ಚೀಲ ಹೊತ್ತು ತಂದಿದ್ದ.

ಬಾಗಿಲಲ್ಲಿ ನಿಂತ. ಕೆಮ್ಮಿದ.

ಒಳಗೆ ಏನೋ ಧಡಲ್ಲನೆ ಬಿತ್ತು. ಆಮೇಲೆ ಉಸಿರಿನ ಸದ್ದೂ ಇಲ್ಲ. ಪಕೀರಮ್ಮ ಜೋಳದ ಚೀಲಗಳ ಹಿಂದೆ, ಗೋಡೆಗೆ ಬೆನ್ನೊತ್ತಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ಅವಳಿಗೆ ಕೇಳಿಸಿದ್ದು ಹುಚ್ಚೀರಪ್ಪನ ಕೆಮ್ಮಲ್ಲ. ಮುಂಬಯಿ ಪಕ್ಕದ ಭಿವಂಡಿಯ ಚಾಳಿನ ಬಾಗಿಲಲ್ಲಿ ಕೆಮ್ಮುತ್ತಿದ್ದ ಯಂಕೋಬನದು. ಲಾರಿ ಓಡಿಸುತ್ತಿದ್ದ ಗಂಡನದು. ಮೊದಲು ಕೆಮ್ಮು, ಆಮೇಲೆ ಚಿಲಕ, ಆಮೇಲೆ ಬೆಲ್ಟು. ಅವನು ಒಣಗಿ ಕಡ್ಡಿಯಾಗಿ ಸತ್ತು ವರ್ಷವಾಗಿತ್ತು. ಮುಂಬಯಿಯ ಯಾವುದೋ ಆಸ್ಪತ್ರೆಯವರು ಅವಳ ರಕ್ತವನ್ನೂ ತೆಗೆದು, ‘ಏಡ್ಸ್ ರೋಗಾಣು ನಿನಗೂ ಅಂಟಿದೆ’ ಎಂದು ಹೇಳಿ ಕೈ ತೊಳೆದುಕೊಂಡಿದ್ದರು, ಎರಡೂ ಅರ್ಥದಲ್ಲಿ. ಸತ್ತವನು ಮಾತ್ರ ಇನ್ನೂ ಬಾಗಿಲು ಬಿಟ್ಟು ಹೋಗಿರಲಿಲ್ಲ. ಬಿಕೋ ಎನ್ನುವ ಮಧ್ಯಾಹ್ನಗಳಲ್ಲಿ ಬಂದು ಕೆಮ್ಮುತ್ತಿದ್ದ. ಅವಳು ಎದ್ದು ನೋಡಿದರೆ ಬಿಸಿಲು ಮಾತ್ರ ನಿಂತಿರುತ್ತಿತ್ತು.

ಹುಚ್ಚೀರಪ್ಪ ಚೀಲ ಇಳಿಸಿ ಹೋದ. ತನ್ನ ಕೆಮ್ಮು ಸಣ್ಣದಾಯಿತೇನೋ, ಅದಕ್ಕೇ ಯಾರೂ ಓಗೊಡಲಿಲ್ಲ ಎಂದುಕೊಂಡ. ಮುಂದಿನ ವಾರ ಸಿದ್ಧನಾಗಿಯೇ ಬಂದ. ಎಂಥವರ ದನಿಯನ್ನಾದರೂ ತೆಗೆಯಬಲ್ಲ ಗಂಟಲು ಅವನದು. ಕುಷ್ಟಗಿಯ ಗೌಡರಂತೆ ಗಂಭೀರವಾಗಿ ಕೆಮ್ಮಿದ. ಕುಕನೂರಿನ ಸಾವಕಾರರಂತೆ ಜಿಪುಣತನದಿಂದ ಅರ್ಧ ಕೆಮ್ಮಿದ. ಗಂಗಾವತಿ ಕಾಲುವೆ ಕಡೆಯ ರೆಡ್ಡಿಗಳಂತೆ ತೆಲುಗಿನಲ್ಲಿ ಕೆಮ್ಮಿದ.

ಒಳಗಿನಿಂದ ಬಂದ ಚೀರಾಟಕ್ಕೆ ಎದುರು ಮನೆಯ ಮಗ್ಗ ನಿಂತಿತು.

ಹೊಳಿಯಮ್ಮ ಓಡಿಬಂದಳು. “ಸುಮ್ನಿರಪಾ ನೀ. ಗಂಡನ ದೆವ್ವ ಮೈಯಾಗ ಹೊಕ್ಕೈತಿ. ಬರೂ ಅಮಾಸಿಗೆ ಬೇವಿನ ಟೊಂಗಿಲೆ ಹೊಡಿಸಿ ಬಿಡಸ್ತೀನಿ.”

‘ಹೊಡಿಸಿ’ ಎಂಬ ಮಾತು ಕಿವಿಗೆ ಬಿದ್ದು, ಚೀಲಗಳ ಹಿಂದಿನ ಚೀರಾಟ ಥಟ್ಟನೆ ನಿಂತಿತು. ಆ ಮೌನವೇ ಹುಚ್ಚೀರಪ್ಪನನ್ನು ಹೆಚ್ಚು ಹೆದರಿಸಿತು. ಸೈಕಲ್ ಹತ್ತಿ ದವಾಖಾನೆಗೆ ಹೋಗಿ, ನರ್ಸ್ ಗೌಸಬೀಯನ್ನು ಕರೆತಂದ.

ಗೌಸಬೀ ಮೊದಲು ಹೊಳಿಯಮ್ಮನನ್ನೇ ಕೂರಿಸಿಕೊಂಡು, ಭಿವಂಡಿಯ ಕತೆಯನ್ನೆಲ್ಲ ಕೇಳಿಸಿಕೊಂಡು ಅಂದಳು: “ಹೊಡದ್ರ ಹೋಗೂವಂಥಾದ್ದಾದ್ರ ಭಿವಂಡಿಯಾಗಽ ಹೋಗಬೇಕಿತ್ತಲ್ಲವಾ? ಅಲ್ಲೇನ್ ಕಡಿಮಿ ಹೊಡದಾನೇನು?”

ಹೊಳಿಯಮ್ಮ ಅತ್ತಳು. ಆ ಅಮಾವಾಸ್ಯೆ ಬಂತು, ಹೋಯಿತು. ಬೇವು ಗಿಡದಲ್ಲೇ ಉಳಿಯಿತು.

ಅಂದಿನಿಂದ ಶುಕ್ರವಾರಕ್ಕೊಮ್ಮೆ ಗೌಸಬೀ ಬಂದು ಪಕೀರಮ್ಮನ ಪಕ್ಕದಲ್ಲಿ ಕೂಡತೊಡಗಿದಳು. ಬೆನ್ನಿನ ಮೇಲೆ ಕೈಯಿಟ್ಟು ಕೇಳುವಳು: “ಈಗ ಏನ್ ಸಪ್ಪಳ ಬಂತು ಬೇಟಿ?”

“ಮಗ್ಗ.”

“ಈಗ?”

“ಎಮ್ಮಿ.”

“ಈಗ?”

“...ಅಂವ.”

“ಯಾರೂ ಇಲ್ಲ. ನೋಡು, ನಾ ಅದೀನಿ, ನೀ ಅದೀ, ಬಾಗಲಾ ಐತಿ. ನಿನ್ನ ಜಡ್ಡಿಗೆ ನನ್ನ ಕಡೆ ಗುಳಿಗಿ ಇಲ್ಲ, ಸುಳ್ಳು ಹೇಳಾಂಗಿಲ್ಲ. ಆದ್ರ ಮುಟ್ಟಿದ್ರ, ಕೂಡಿ ಉಂಡ್ರ ಅದು ಯಾರಿಗೂ ಬರಂಗಿಲ್ಲ. ಈ ಅಂಜಿಕಿಗೆ ಮಾತಽ ಮದ್ದು. ಹೇಳು, ಬೆಲ್ಟ್ ಯಾವ ಬಣ್ಣದ್ದಿತ್ತು?”

ಕಂದು ಬಣ್ಣದ್ದಿತ್ತು. ಅಷ್ಟು ಹೇಳಲು ಪಕೀರಮ್ಮನಿಗೆ ಬೇಸಿಗೆ ಕಳೆಯಬೇಕಾಯಿತು.

ಹುಚ್ಚೀರಪ್ಪನಿಗೆ ಗೌಸಬೀಯ ಅಪ್ಪಣೆ ಒಂದೇ: “ನಿಮ್ಮ ಕೆಮ್ಮು ನಿಮ್ಮ ಮನಿಯಾಗಿಟ್ಟು ಬರ್ರಿ.” ಹಾಗಾಗಿ ಅವನು ಓಣಿಯ ತಿರುವಿನಲ್ಲೇ ಬಸ್ ಕಂಡಕ್ಟರನಾದ. “ತಾವರಗೇರಾ, ಕುಷ್ಟಗಿ, ಯಲಬುರ್ಗಾ! ಇಳಿಯವ್ರು ಇಳೀರಿ! ಹುಚ್ಚೀರಪ್ಪನ ಗಾಡಿ ಬಂತ್ರಿ!”

ಒಂದು ದಿನ ಒಳಗಿನಿಂದ ಕೇಳಿಬಂತು: “ಟಿಕೀಟ್ ತಗೊಂಡೀರೇನ್ರಿ?”

ಕೂಗುತ್ತಿದ್ದವನು ಬಾಗಿಲೆದುರು ಬಂದು ಬ್ರೇಕ್ ಹಿಡಿದ. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಕಾಡಿಗೆಯಿಲ್ಲದ, ದಣಿದ ಕಣ್ಣು. ಅದರ ಅಂಚಿನಲ್ಲಿ ಮಾತ್ರ ಏನೋ ಕಿಡಿಗೇಡಿತನ ಎಚ್ಚರವಾಗಿತ್ತು.

ಅವನು ಹೊರಗಿನ ಕಟ್ಟೆಯ ಮೇಲೆ, ಅವಳು ಹೊಸ್ತಿಲ ಒಳಗೆ. ನಡುವೆ ಕೂದಲ ರಾಶಿ.

“ಓಣ್ಯಾಗ ನಿಮಗ ಹುಚ್ಚಿ ಅಂತಾರಂತ?”

“ಅಂತಾರ್ರಿ.”

“ಹೆಸರಿನಾಗಽ ಹುಚ್ಚು ಇಟ್ಕೊಂಡಾಂವ ನಾನು. ನನ್ನ ಬಿಟ್ಟು ನಿಮಗ ಅಂದ್ರ ನನಗ ಸಿಟ್ಟು ಬರಂಗಿಲ್ಲೇನ್ರಿ?”

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಗುವಾಗ ಅವಳ ಎಡಹುಬ್ಬು ಒಂದಿಷ್ಟೇ ಮೇಲೇರುತ್ತದೆ ಎಂಬುದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಆ ಸಂಜೆ ಎಳೆಗಳು ಬಿಡಿಸಿದಷ್ಟೂ ಸಿಕ್ಕಾದವು.

ಮಳೆಗಾಲದಲ್ಲಿ ಒಮ್ಮೆ ಅವನು ಹೊಸ ಬಾಚಣಿಗೆಯೊಂದನ್ನು ಹೊಸ್ತಿಲ ಮೇಲಿಟ್ಟ. “ಇದು ಯಾಪಾರದ್ದಲ್ರಿ. ಬದಲಿಗೆ ಕೂದಲಾ ಬ್ಯಾಡ. ನೀವಽ ಬರ್ತೀರೇನು ನಮ್ಮ ಮನಿಗೆ?”

ಪಕೀರಮ್ಮನ ಬೆರಳುಗಳು ನಿಂತವು. ಸುಮ್ಮನಿದ್ದು ಇವನನ್ನು ಉಳಿಸಿಕೊಳ್ಳಬಹುದಿತ್ತು. ಯಂಕೋಬನೂ ಸುಮ್ಮನಿದ್ದೇ ತನಗೆ ಈ ಜಡ್ಡನ್ನು ಕೊಟ್ಟಿದ್ದ.

ಹೇಳಿದಳು. ಜಡ್ಡಿನ ಹೆಸರು, ಅದು ಹೇಗೆ ಬಂತು, ಅದಕ್ಕೆ ಗುಳಿಗೆಯಿಲ್ಲ ಎಂಬುದು, ಎಲ್ಲವನ್ನೂ. ಕೂದಲ ರಾಶಿಯನ್ನೇ ನೋಡುತ್ತ ಹೇಳಿದಳು. ತಲೆಯೆತ್ತಿದಾಗ ಅವನ ಮುಖದಲ್ಲಿ ಯಾರ ಅಣಕವೂ ಇರಲಿಲ್ಲ. ಅವನು ಎದ್ದ. ಸೈಕಲ್ ಹತ್ತಿದ. ಹೋದ.

ಆಮೇಲಿನ ಮಧ್ಯಾಹ್ನಗಳಲ್ಲಿ ಯಂಕೋಬ ದಿನವೂ ಬಂದ. ಗೌಸಬೀ ಬೆನ್ನಿಗೆ ಕೈಯಿಟ್ಟರೂ ಸರಿಯಲಿಲ್ಲ.

“ಖರೆ ಹೇಳಿ ತಪ್ಪು ಮಾಡಿದೆ ಏನವ್ವಾ?” ಎಂದಳು ಪಕೀರಮ್ಮ.

“ಬೇಟಿ, ಈ ಬಾಗಲಾದಾಗ ಖರೆ ಮಾತಾಡಿದ ಮೊದಲನೇದಾಕಿ ನೀನು. ತಪ್ಪು ಹೆಂಗಾದೀತು?”

ನಾಗರಪಂಚಮಿಯ ಮರುದಿನ ಹುಚ್ಚೀರಪ್ಪ ಬಂದ. ಕೂಗಿಲ್ಲ, ಕಂಡಕ್ಟರನಿಲ್ಲ. ಕಟ್ಟೆಯ ಮೇಲೆ ಕೂತು, ಅವಳು ಎಂದೂ ಕೇಳಿರದ ದನಿಯಲ್ಲಿ, ಬಹುಶಃ ಅವನದೇ ದನಿಯಲ್ಲಿ, ಹೇಳಿದ: “ಅಂಜಿದ್ನಿರಿ. ಗಾಡಿ ಎಲ್ಲಿ ತುಳದೆ, ಯಾಕ ತುಳದೆ, ತಿಳೀಲಿಲ್ಲ. ಒಂದೆಳಿ ಕೂದಲಾ ಕೊಂಡಿಲ್ಲ. ಆಮ್ಯಾಲ ದವಾಖಾನಿಗೆ ಹೋಗಿ, ಹಿಂಗ ಜಡ್ಡು ಇದ್ದೋರ ಕೂಡ ಹೆಂಗ ಬದುಕಬೇಕು ಅಂತ ಗೌಸಬೀ ಬಾಯಾರನ್ನ ಕೇಳಿದೆ. ಹೆಸರು ಹೇಳಲಿಲ್ರಿ. ಅವರೂ ಕೇಳಲಿಲ್ಲ. ಎಲ್ಲಾ ಬಿಡಿಸಿ ಹೇಳಿದ್ರು.”

“ಈಗ ಅಂಜಿಕಿ ಹೋತೇನ್ರಿ?”

“ಇಲ್ರಿ. ಕೂಡ ಕರಕೊಂಡಽ ಬಂದೀನಿ.”

ಅವಳಿಗೆ ನಗುವೋ ಅಳುವೋ, ಯಾವುದು ಮೊದಲು ಬಂತೆಂದು ತಿಳಿಯಲಿಲ್ಲ. “ಮಕ್ಕಳು ಆಗಂಗಿಲ್ರಿ ನನ್ನಿಂದ. ಎಷ್ಟ ದಿನ ಇರ್ತೀನೋ ಅದೂ ಗೊತ್ತಿಲ್ಲ. ನಿದ್ದಿಗಣ್ಣಿನ್ಯಾಗ ಚೀರತೀನಿ.”

“ನಾನೂ ನಿದ್ದಿಗಣ್ಣಿನ್ಯಾಗ ಮಾತಾಡತೀನ್ರಿ. ಅದೂ ಕುಷ್ಟಗಿ ಗೌಡ್ರ ದನಿಯಾಗ.” ಆಮೇಲೆ ತಡೆದು, “ಒಳಗ ಬರಲೇನ್ರಿ?” ಎಂದ.

ಗಂಡಸರು ತಾವು ಬಂದೆವೆಂದು ತಿಳಿಸುವುದನ್ನು ಪಕೀರಮ್ಮ ಬಲ್ಲಳು. ಬರಲೇ ಎಂದು ಯಾರೂ ಕೇಳಿರಲಿಲ್ಲ. ಬೇಡ ಎನ್ನುವ ಹಕ್ಕು ತನಗಿದೆಯೆಂಬುದೇ ಅವಳಿಗೆ ಈಗ ಹೊಳೆಯಿತು.

“ಬ್ಯಾಡ್ರಿ,” ಎಂದಳು.

ಅವನು ತಲೆಯಾಡಿಸಿದ. ಬೇಜಾರು ಮಾಡಿಕೊಳ್ಳಲಿಲ್ಲ, ಎದ್ದು ಹೋಗಲೂ ಇಲ್ಲ.

ಒಳಗೆ ಸೀರೆಯ ನಿರಿಗೆಗಳು ಸದ್ದು ಮಾಡಿದವು. ಮುಂಬಯಿಯಿಂದ ಬಂದಮೇಲೆ ಮೊದಲ ಸಲ, ಹಾಡಹಗಲು, ಎದುರು ಮನೆಯವರು ಮಗ್ಗ ನಿಲ್ಲಿಸಿ ನೋಡುತ್ತಿದ್ದಂತೆ, ಪಕೀರಮ್ಮ ಹೊರಗೆ ಬಂದು ಕಟ್ಟೆಯ ಬಳಿ ನಿಂತಳು.

“ಒಂದೀಟು ಆ ಕಡೆ ಸರೀರಿ,” ಎಂದಳು.

ಅವನು ಸರಿದು ಜಾಗ ಮಾಡಿದ.